ಇಪ್ಪತ್ತಮೂರು ಜಿಟ್ಟೆ

ಆಗಸ್ಟ್ 30, ಶನಿವಾರ

ಬೆಳಿಗ್ಗೆ ಹಗ್ಗದ ಮೇಲಿನ ದುಪಟ್ಟಾ ತೆಗೆಯುವಾಗ ಬೆರಳಿಗೆ ಏನೋ ಚುಚ್ಚಿತು. ಹುಳದ ಕಾಲು. ಹುಳವಿಲ್ಲ, ಕಾಲು ಮಾತ್ರ. ಹಿಂಗಾಲು. ಗರಗಸದಂಥ ಮುಳ್ಳು, ತೊಡೆಯ ಮೇಲೆ ಓರೆ ಓರೆ ಗೆರೆ. ಹಸಿರು ಇನ್ನೂ ಆರಿರಲಿಲ್ಲ. ಖಾಲಿ ಬೆಂಕಿಪೊಟ್ಟಣಕ್ಕೆ ಹಾಕಿಕೊಂಡೆ. ಇವತ್ತು ಹೇಗೂ ಹರಿಹರಕ್ಕೆ, ಮೇಷ್ಟ್ರ ಮನೆಗೆ ಹೋಗಬೇಕು.

"ಹುಳದ ಮೇಷ್ಟ್ರಿಗೆ ಮುಯ್ಯಿ ಏನು ಅದು?" ಅಂದಳು ಅವ್ವ. ಪೊಟ್ಟಣ ಬ್ಯಾಗಿಗೆ ಸೇರಿಸಿದೆ.

ಆನೆಕೊಂಡದಿಂದ ಸ್ಟ್ಯಾಂಡಿಗೆ ಆಟೋ. ಹರಿಹರದ ಬಸ್ಸಿನಲ್ಲಿ ನಿಂತೇ ಪ್ರಯಾಣ. ಹಿಂದಿನವಳ ಟಿಫನ್ ಕ್ಯಾರಿಯರ್ ದಾರಿಯ ಬಾತಿ ಹಳ್ಳಿ ದಾಟುವವರೆಗೂ ಬೆನ್ನಿಗೆ ಒತ್ತುತ್ತಿತ್ತು. ಹೇಳಲಿಲ್ಲ. ನಾನು ಯಾರಿಗೆ ಏನು ಹೇಳಿದ್ದೇನೆ.

ಪತ್ರಿಕೆಯಲ್ಲಿ ನನ್ನ ಕೆಲಸ ಪ್ರೂಫ್ ನೋಡುವುದು. ಆದರೆ ಗುರುಮೂರ್ತಿ ಮೇಷ್ಟ್ರ ಕಣ್ಣು ಸಕ್ಕರೆ ಕಾಯಿಲೆಗೆ ಹೋದ ಮೇಲೆ ಶನಿವಾರದ ಶಿಕ್ಷೆಯೂ ನನ್ನದೇ. ಅವರು ಹೇಳಬೇಕು, ನಾನು ಬರೆದುಕೊಂಡು ಬಂದು ಟೈಪ್ ಮಾಡಬೇಕು. ಭಾನುವಾರದ ಪುರವಣಿಗೆ ಒಂದು ಅಂಕಣ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಟ್ಟು ನಿವೃತ್ತರಾದವರು. ನಲವತ್ತು ವರ್ಷ ಹುಳ ಹಿಡಿದವರು. ಮನುಷ್ಯರನ್ನು ಕಂಡರೆ ಆಗುವುದಿಲ್ಲ.

"ಬಂದ್ಯಾ ಎಂ.ಎ.?" ಅಂದರು. ನಾನು ಕನ್ನಡ ಎಂ.ಎ. ಮಾಡಿದ್ದಕ್ಕೆ ಅವರು ಕರೆಯುವುದೇ ಹಾಗೆ. ನಯನಾ ಅನ್ನುವ ಹೆಸರು ಅವರ ಬಾಯಿಂದ ಈವರೆಗೆ ಬಂದಿಲ್ಲ.

ಬೆಂಕಿಪೊಟ್ಟಣ ಕೊಟ್ಟೆ. ಕಾಲನ್ನು ಎರಡು ಬೆರಳ ನಡುವೆ ಹೊರಳಿಸಿದರು.

"ಭತ್ತದ ಜಿಟ್ಟೆ. ಕಾಲು ದೊಡ್ಡದೈತೆ, ಹೆಣ್ಣಿರ್ಬೇಕು. ಯಾವುದೋ ಹಕ್ಕಿ ಹಿಡಿದೈತೆ. ಕಾಲು ಬಿಟ್ಟು ತಾನು ಹೋಗೈತೆ. ಹಲ್ಲಿ ಬಾಲ ಬಿಟ್ಟಂಗಲ್ಲ ಇದು. ಹಲ್ಲಿಗೆ ಮತ್ತೆ ಬಾಲ ಬರುತ್ತೆ. ಇದಕ್ಕೆ ಮುಗೀತು. ಸಾಯೋ ಮಟ ಒಂದೇ ಹಿಂಗಾಲು." ನನ್ನ ಕಡೆ ಮುಖ ತಿರುಗಿಸಿದರು. "ನಿಮ್ಮ ಕಾವ್ಯದಾಗೆ ಹುಳ ಅಂದ್ರೆ ಒಂದು ದುಂಬಿ, ಒಂದು ಚಿಟ್ಟೆ, ಒಂದು ಮಿಣುಕು ಹುಳ. ಆತು. ನನ್ನ ಬಾತಿ ಬದುವಿನಾಗೆ ಮೂವತ್ತೇಳು ಥರದ ಜಿಟ್ಟೆ ಅದಾವೆ. ಒಂದರ ಹೆಸರು ಹೇಳು ನೋಡಾಣ."

ಒಳಗಿನಿಂದ ಅವರಕ್ಕ ಓಬವ್ವ, "ಹುಡುಗಿ ಬಂದು ಕುಂತಿಲ್ಲ, ಆಗಲೇ ಕಚ್ಚಾಕೆ ಶುರು ಮಾಡಿದ್ಯಾ?" ಅಂದರು. ಆಕೆಗೆ ಓದು ಬರಹವಿಲ್ಲ. ಮನೆಯಲ್ಲಿ ಬೇರೆ ಯಾರೂ ಇಲ್ಲ.

ಎರಡು ಗಂಟೆ ಬರೆದೆ. ಮುಖ ಓರೆಯಾಗಿ ಕೋಲಿನಂತಿರುವುದು. ಮಣ್ಣಿನ ಬಣ್ಣದ್ದು — ಕಾಲಿಟ್ಟರೂ ಕಾಣದು. ಎಕ್ಕದ ಗಿಡದ ಹಳದಿ-ನೀಲಿ ಪಟ್ಟೆಯದು, ಮುಟ್ಟಿದರೆ ನಾರುವ ರಸ ಚಿಮ್ಮಿಸುವುದು. ಹಿಂಗಾಲನ್ನು ರೆಕ್ಕೆಗೆ ಉಜ್ಜಿ ಹಾಡುತ್ತವೆ. ಕಿವಿ ತಲೆಯಲ್ಲಿಲ್ಲ, ಸೊಂಟದಲ್ಲಿದೆ. ಹೆಣ್ಣು ತನ್ನ ಹೊಟ್ಟೆಯನ್ನೇ ನೆಲಕ್ಕೆ ಕೊರೆದು, ನೊರೆ ಸುತ್ತಿ, ಮೊಟ್ಟೆ ಹೂಳುತ್ತದೆ. ಬರೆಯುತ್ತ ಬರೆಯುತ್ತ ನನ್ನ ಸೊಂಟದ ಮೇಲೇ ಏನೋ ಹರಿದಾಡಿದಂತಾಯಿತು.

ಒಮ್ಮೆ ಜಿಟ್ಟೆ ಅನ್ನುತ್ತಾರೆ. ಒಮ್ಮೆ ಮಿಡತೆ ಅನ್ನುತ್ತಾರೆ. ಎರಡೂ ಒಂದೇ ತಾನೆ? ಕೇಳಬೇಕಿತ್ತು. ಕೇಳಿದರೆ ಮತ್ತೆ ಎಂ.ಎ. ಕೇಳಲಿಲ್ಲ.

ಸೆಪ್ಟೆಂಬರ್ 3, ಬುಧವಾರ

ಅಂಕಣ ಟೈಪ್ ಮಾಡಿ ಮುಗಿಸಿದೆ. ನಿಘಂಟು ನೋಡಿದೆ. ಜಿಟ್ಟೆ ಅಂದರೆ ಮಿಡತೆ, ಅಷ್ಟೇ. ಹಳ್ಳಿಯ ಮಾತು. ಇಷ್ಟು ಓದಿದವರು ಬರಹದಲ್ಲಿ ಮಿಡತೆ ಅನ್ನಬಾರದೇ? ಒಂದೇ ಲೇಖನದಲ್ಲಿ ಎರಡು ಪದ ಬಂದರೆ ಓದುಗರಿಗೆ ಗೊಂದಲ. ಫೈಂಡ್, ರಿಪ್ಲೇಸ್ ಆಲ್. 'ಇಪ್ಪತ್ತಮೂರು ಕಡೆ ಬದಲಾಗಿದೆ' ಎಂದಿತು ಸಿಸ್ಟಂ. ಒಂದೇ ಕ್ಲಿಕ್.

ಆಮೇಲೆ ಮೊದಲ ಪ್ಯಾರಾ ಅಸಂಬದ್ಧವಾಗಿ ಕಂಡಿತು. 'ಮಿಡತೆಗೆ ಯಾರೂ ಹೆದರಬೇಕಿಲ್ಲ' ಅಂತ ಒಂದು ವಾಕ್ಯ. ಅದರ ಬೆನ್ನಿಗೇ 'ಮಿಡತೆ ಹಿಂಡು ಕಟ್ಟಿ ಇಳಿದರೆ ಒಂದೇ ಹಗಲಿನಲ್ಲಿ ಹೊಲ ಬೋಳಾಗುತ್ತದೆ' ಅಂತ ಇನ್ನೊಂದು. ಮುದುಕರಿಗೆ ಹೇಳಿದ್ದು ಮರೆತುಹೋಗುತ್ತದೆ. ಹೆದರಬೇಕಿಲ್ಲ ಅನ್ನುವುದನ್ನು ತೆಗೆದೆ. ಪ್ಯಾರಾ ನಿಂತಿತು.

ಚೆನ್ನಾಗಿ ಮಾಡಿದೆ ಅನಿಸಿತು. ಅದನ್ನೂ ಬರೆದಿಡುತ್ತೇನೆ.

ಸೆಪ್ಟೆಂಬರ್ 7, ಭಾನುವಾರ

ಅಂಕಣ ಬಂದಿದೆ. ತಲೆಬರಹ ಮಾಲೀಕರದು: 'ಬಾತಿ ರೈತರೇ, ಎಚ್ಚರ.' ಇದ್ದದ್ದು ಸಪ್ಪೆ ಅಂತ ತಾವೇ ಬದಲಿಸಿದರಂತೆ.

ಸೆಪ್ಟೆಂಬರ್ 10, ಬುಧವಾರ

ಬೆಳಿಗ್ಗೆಯಿಂದ ಫೋನು. ಮಾಲೀಕರು ವಾಮದೇವಪ್ಪನವರು ಮಂಡಿಪೇಟೆಯ ಅಂಗಡಿ ಬಿಟ್ಟು ಆಫೀಸಿಗೇ ಬಂದು ಕೂತಿದ್ದಾರೆ. ಮನೆತನದ ದಂಧೆ ಧಾನ್ಯದ್ದು, ಪತ್ರಿಕೆ ಶೋಕಿಯದ್ದು.

"ಬಾತ್ಯಾಗೆ ಎಲ್ಲಾರೂ ಔಷಧಿ ಹೊಡೀತಿದಾರಂತೆ. ನಮ್ಮ ಪೇಪರ್ ಓದಿ! ಎಷ್ಟು ವರ್ಷ ಆಗಿತ್ತವ್ವ, ನಮ್ಮದನ್ನ ಓದಿ ಯಾರರ ಏನರ ಮಾಡಿ!" ನನ್ನ ಟೇಬಲ್ಲಿನ ಹತ್ತಿರ ಬಂದು ದನಿ ಇಳಿಸಿದರು. "ನೀನು ತಿದ್ದಿದ್ದು ಚಲೋ ಆತು. ಆ ಮುದುಕನ ಹಳ್ಳಿ ಮಾತು ಯಾರಿಗೆ ಬೇಕು."

ಟೇಬಲ್ಲಿನ ಮೇಲಿನ ನನ್ನ ನೋಟ್‌ಬುಕ್ ನೋಡಿದ್ದಾರೆ, ಹಾಗಾದರೆ. ನಾನು ಏನು ಬದಲಿಸಿದೆ ಅಂತ ಗೊತ್ತಿದೆ.

ಹೊಗಳಿದ್ದು ಯಾಕೆ ಹಿತವಾಗಲಿಲ್ಲ, ತಿಳಿಯಲಿಲ್ಲ.

ಸೆಪ್ಟೆಂಬರ್ 13, ಶನಿವಾರ. ಸಂಜೆ ಆರು

ಇದ್ದದ್ದು ಇದ್ದಂತೆ ಬರೆಯುತ್ತೇನೆ.

ಬಾತಿ ಬಂದಾಗ ಬಸ್ಸಿನೊಳಗೂ ಔಷಧಿಯ ವಾಸನೆ. ಕಂಡಕ್ಟರ್ ಕಿಟಕಿ ಹಾಕಿಸಿದ.

ಮೇಷ್ಟ್ರು ಎಂದೂ ಇಲ್ಲದ ಗೆಲುವಿನಲ್ಲಿದ್ದರು. ದಿಂಬಿನ ಕೆಳಗೆ ಪ್ಲಾಸ್ಟಿಕ್ ಕವರು, ಅದರಲ್ಲಿ ಭಾನುವಾರದ ಪುರವಣಿ, ಜೊತೆಗೆ ಎರಡು ನುಸಿಗುಳಿಗೆ. ಹುಳ ಇಡುವ ಹಾಗೇ ಇಟ್ಟುಕೊಂಡಿದ್ದಾರೆ. ಓದಲು ಅವರಿಂದ ಆಗುವುದಿಲ್ಲ. ಬೆರಳಾಡಿಸಿ ನೋಡುತ್ತಾರೆ.

"ಪೇಟೆ ಮಂದಿ ಎರಡಕ್ಕೂ ಮಿಡತೆ ಅಂತಾರೆ," ಅಂದರು. "ನಮ್ಮವ್ವ ಹಂಗನ್ನುತ್ತಿರಲಿಲ್ಲ. ತನ್ನ ಪಾಡಿಗೆ ಒಂಟಿ ಹಾರೋದು ಜಿಟ್ಟೆ. ಕೆಲವು ಜಾತಿ ಅದಾವೆ — ಇಕ್ಕಟ್ಟಾಗಿ ಹಿಂಗಾಲಿಗೆ ಇನ್ನೊಂದು ತಾಗಿ ತಾಗಿ ಸ್ವಭಾವಾನೇ ಬದಲಾಗುತ್ತೆ. ಬಣ್ಣ ಬದಲಾಗುತ್ತೆ. ಹಿಂಡು ಕಟ್ತಾವೆ. ಅದು ಮಿಡತೆ. ಅಂಥದ್ದು ಬಾತ್ಯಾಗೆ ನಾ ಒಂದಿನ ನೋಡಿಲ್ಲ. ಎರಡೂ ಪದ ಬ್ಯಾರೆ ಮಾಡಿ ಕನ್ನಡದಾಗೆ ಬರೀಬೇಕು ಅಂತ ಎಷ್ಟು ವರ್ಷದ ಆಸೆ. ಈಗ ಆತು."

ಪೆನ್ನಿನ ಕ್ಯಾಪು ಹಾಕುತ್ತ, ತೆಗೆಯುತ್ತ ಕೂತೆ. ಹೇಳಬೇಕು ಅಂತ ಬಾಯಿ ತೆರೆದೆ. ಆಗಲೇ ಬಾಗಿಲಲ್ಲಿ ಹಯಾತ್ ಸಾಬರು.

ಬಾತಿಯವರು. ಮೇಷ್ಟ್ರು ಹದಿನೆಂಟು ವರ್ಷ ಹುಳ ಹಿಡಿದ ಬದು ಇವರದೇ. ಕೈಯಲ್ಲಿ ಸತ್ತ ಹುಂಜ, ತಲೆಕೆಳಗೆ.

"ಬರ್ರಿ ಸಾಬ್ರೆ, ಕೂಡ್ರಿ," ಅಂದರು ಓಬವ್ವ.

"ಕೂಡಾಕೆ ಬಂದಿಲ್ಲವ್ವ. ಮೂವತ್ತು ಕೋಳಿ ಹೋದ್ವು. ಇದು ಇವತ್ತಿಂದು. ಅಕ್ಕಪಕ್ಕದೋರೆಲ್ಲ ಔಷಧಿ ಹೊಡದ್ರು. ಕೋಳಿಗೇನು ಗೊತ್ತು, ಬಿದ್ದ ಹುಳ ತಿಂದ್ವು. ಯಾಕ ಹೊಡದ್ರಿ ಅಂದ್ರೆ, ನಿಮ್ಮ ಮೇಷ್ಟ್ರೇ ಬರೆದಾರೆ, ಮಿಡತೆ ಬಂದಾವೆ ಅಂತ."

"ನಾ ಹಂಗೆ ಬರೆದಿಲ್ಲ."

"ನಮ್ಮೂರ ಬಕ್ಕೇಶ ತನ್ನ ಹೋಟೆಲ್‌ನಾಗೆ ದೊಡ್ಡಕೆ ಪೇಪರ್ ಓದಿದ. ನಾನೂ ಅಲ್ಲೇ ಇದ್ದೆ." ಸಾಬರು ಹುಂಜವನ್ನು ಹೊಸ್ತಿಲ ಹೊರಗೆ ಇಟ್ಟರು. "ರೊಕ್ಕ ಕೇಳಾಕೆ ಬಂದಿಲ್ಲ ಮೇಷ್ಟ್ರೆ. ಬರೆದೋರ ಮುಖ ನೋಡಾಣ ಅಂತ ಬಂದೆ. ಹದಿನೆಂಟು ವರ್ಷ ನನ್ನ ಬದುವಿನ ಮ್ಯಾಲೆ ಕುಂತು ನನ್ನ ಮನಿ ಚಾ ಕುಡಿದೋರು."

ಮೇಷ್ಟ್ರು ದಿಂಬಿನ ಕೆಳಗಿನಿಂದ ಕವರು ತೆಗೆದು ನನ್ನ ಕಡೆ ಚಾಚಿದರು.

"ಏ ಎಂ.ಎ., ಓದು. ಮೊದಲ್ನೇ ಪ್ಯಾರಾ. ದೊಡ್ಡಕೆ."

ಅಚ್ಚಾಗಿದ್ದದ್ದು: 'ಈ ಮಳೆಗಾಲ ಬಾತಿಯ ಬದುಗಳಲ್ಲಿ ಮಿಡತೆಗಳು ಎಂದಿಗಿಂತ ಹೆಚ್ಚಾಗಿವೆ. ಮಿಡತೆ ಹಿಂಡು ಕಟ್ಟಿ ಇಳಿದರೆ ಒಂದೇ ಹಗಲಿನಲ್ಲಿ ಹೊಲ ಬೋಳಾಗುತ್ತದೆ.'

ನಾನು ಓದಿದ್ದು: 'ಈ ಮಳೆಗಾಲ ಬಾತಿಯ ಬದುಗಳಲ್ಲಿ ಜಿಟ್ಟೆಗಳು ಎಂದಿಗಿಂತ ಹೆಚ್ಚಾಗಿವೆ. ಜಿಟ್ಟೆಗೆ ಯಾರೂ ಹೆದರಬೇಕಿಲ್ಲ.'

ಎರಡನೆಯ ವಾಕ್ಯ ಕಾಗದದಲ್ಲಿ ಇರಲೇ ಇಲ್ಲ. ತಡವರಿಸಲಿಲ್ಲ. ನನ್ನ ದನಿ ಇಷ್ಟು ಸ್ಪಷ್ಟವಾಗಿ ಯಾವತ್ತೂ ಬಂದಿರಲಿಲ್ಲ.

"ಕೇಳಿದ್ರಾ?" ಅಂದರು ಮೇಷ್ಟ್ರು. ನಗುತ್ತಿದ್ದರು. "ಅವನಿಗೆ ಓದಾಕೆ ಬರಲ್ಲ, ಜಗಳ ಹಚ್ಚಾಕೆ ಬರುತ್ತೆ. ಆ ಬಕ್ಕೇಶನ ಭಾವಂದು ಔಷಧಿ ಅಂಗಡಿ ಐತಲ್ಲ? ಯಾಕ ತಿರುಚಿ ಓದಿದೆ ಅಂತ ಅವನ್ನೇ ಕೇಳ್ರಿ."

ಸಾಬರು ನನ್ನನ್ನು ನೋಡಿದರು. "ಹಿಂಗೇ ಐತೇನವ್ವ ಅದರಾಗೆ?"

ತಲೆಯಾಡಿಸಿದೆ. ಮಾತು ಕೂಡ ಅಲ್ಲ. ತಲೆ.

ಹುಂಜವನ್ನು ಎತ್ತಿಕೊಂಡು ಹೋದರು.

ಮೇಷ್ಟ್ರು ಆಮೇಲೆ ಒಂದು ಗಂಟೆ ನೆಲಗಡಲೆ ಹೊಲದ ಜಿಟ್ಟೆಗಳ ಬಗ್ಗೆ ಹೇಳಿದರು. ಬರೆದುಕೊಂಡೆ. ಅಕ್ಷರ ದುಂಡಗೆ ಬಂದಿದೆ.

ಸೆಪ್ಟೆಂಬರ್ 14, ಭಾನುವಾರ

ಇಲ್ಲ. ಇವತ್ತು ಬರೆಯಲಾರೆ.

ಸೆಪ್ಟೆಂಬರ್ 20, ಶನಿವಾರ

ಜ್ವರ ಅಂತ ಫೋನ್ ಮಾಡಿ ಹರಿಹರಕ್ಕೆ ಹೋಗಲಿಲ್ಲ. "ಎಂ.ಎ.ಗೂ ಜ್ವರ ಬರುತ್ತೇನು," ಅಂದರು ಮೇಷ್ಟ್ರು. ಜ್ವರವಿಲ್ಲ. ಇಡೀ ದಿನ ಅವರನ್ನು ಮನಸ್ಸಿನಲ್ಲೇ ಬೈದೆ. ಅಷ್ಟು ಮುಖ್ಯವಾದ ಪದವಾಗಿದ್ದರೆ ಮೊದಲೇ ಹೇಳಬಾರದಿತ್ತೇ? ಬಾಯಿ ತೆರೆದರೆ ಅಣಕ. ಕೇಳುವ ಹಾಗೆ ಎಂದಾದರೂ ಇಟ್ಟುಕೊಂಡರೇ? ಕಣ್ಣಿಲ್ಲದವರಿಗೆ ಇಷ್ಟು ಸೊಕ್ಕು ಯಾಕೆ?

ಓದಿದರೆ ನನಗೇ ಅಸಹ್ಯ. ಹೊಡೆದುಹಾಕುವುದಿಲ್ಲ. ಇರಲಿ.

ಸೆಪ್ಟೆಂಬರ್ 21, ಭಾನುವಾರ

ಹರಿಹರದ ಬಸ್ಸು ಹತ್ತಿ ಬಾತಿಯಲ್ಲಿ ಇಳಿದೆ. ಯಾಕೆ ಇಳಿದೆನೋ.

ಬದು ಹುಡುಕುವುದು ಕಷ್ಟವಾಗಲಿಲ್ಲ. ಅದರ ವರ್ಣನೆಯನ್ನು ಎಷ್ಟು ಸಲ ಬರೆದಿದ್ದೇನೆ — ಮೂರು ಜಾಲಿ, ಒಂದು ಎಕ್ಕ, ಕಾಲುವೆಯ ಕಡೆಗೆ ಇಳಿಜಾರು. ಹುಲ್ಲಿನ ತುದಿ ಕಂದಿದೆ. ನಡೆದರೆ ಕಾಲ ಮುಂದೆ ಪಟಪಟ ಹಾರಬೇಕು ಅಂತ ನಾನೇ ಟೈಪ್ ಮಾಡಿದ್ದೆ. ಒಂದೂ ಹಾರಲಿಲ್ಲ. ಇರುವೆಗಳು ಒಂದು ಹಿಂಗಾಲನ್ನು ಎಳೆದುಕೊಂಡು ಹೋಗುತ್ತಿದ್ದವು. ಎಕ್ಕದ ಎಲೆಯ ಅಡಿಯಲ್ಲಿ ಹಳದಿ-ನೀಲಿಯದು ಒಂದು ಕೂತಿತ್ತು. ಹತ್ತಿರ ಹೋದರೂ ಕದಲಲಿಲ್ಲ. ಮೂವತ್ತೇಳರಲ್ಲಿ ನನಗೆ ಕಂಡದ್ದು ಅದೊಂದು.

ಸ್ಟಾಪಿನ ಹತ್ತಿರ ಬಕ್ಕೇಶನ ಹೋಟೆಲು. ಭಾನುವಾರ ಹನ್ನೊಂದು ಗಂಟೆ, ಎರಡು ಬೆಂಚೂ ಖಾಲಿ. ಎದುರಿನ ಗೂಡಂಗಡಿಯ ಮುಂದೆ ಮಂದಿ ನಿಂತು ಚಹಾ ಕುಡಿಯುತ್ತಿದ್ದರು. ಮಿರ್ಚಿ, ಮಂಡಕ್ಕಿ ತಗೊಂಡೆ. ಕಟ್ಟಿಕೊಟ್ಟ ಕಾಗದ ನಮ್ಮದೇ ಪತ್ರಿಕೆ. ಬಿಚ್ಚಿ ತಾರೀಖು ನೋಡುತ್ತಿದ್ದೆ.

"ಅದನ್ನೇನು ಓದ್ತೀಯ ತಂಗಿ," ಅಂದ ಬಕ್ಕೇಶ. ನಾನು ಯಾರು ಅಂತ ಅವನಿಗೆ ಗೊತ್ತಿಲ್ಲ. "ಓದಿ ಓದಿ ನಾ ಹಾಳಾದೆ."

"ಯಾಕೆ?"

"ಊರಿಗೆ ಬರೋದೇ ಎರಡು ಪೇಪರ್. ಸೊಸೈಟಿಗೆ ಬರೋದನ್ನ ಯಾರೂ ಬಿಚ್ಚಲ್ಲ. ನಂದು ನಾ ದಿನಾ ದೊಡ್ಡಕೆ ಓದ್ತಿದ್ದೆ, ಎಲ್ಲಾರೂ ಕೇಳ್ತಿದ್ರು. ಹದಿನೈದು ದಿನದ ಹಿಂದೆ ಮಿಡತೆದು ಓದಿದೆ. ಈಗ ಹಯಾತ್ ಸಾಬ್ರು ಬಂದು, ನೀ ಇಲ್ಲದ್ದು ಓದೀಯ, ಅದರಾಗೆ ಜಿಟ್ಟೆ ಅಂತೈತೆ, ನಾ ಕಿವ್ಯಾರೆ ಕೇಳೀನಿ ಅಂತ ಎಲ್ಲರ ಮುಂದೆ ಅಂದ್ರು. ನನ್ನ ಭಾವನ ಅಂಗಡಿ ಸಲುವಾಗಿ ಓದಿದೆ ಅಂತ. ತೋರಿಸಾಣ ಅಂದ್ರೆ ಆ ಪೇಪರ್ ಮಂಡಕ್ಕಿ ಕಟ್ಟಿ ಹೋಗೈತೆ."

ಎಣ್ಣೆ ಬಾಣಲೆ ಇಳಿಸಿದ.

"ನಾ ಏಳನೇ ಕ್ಲಾಸು. ಈಗ ನನಗೇ ಅನುಮಾನ ತಂಗಿ. ಇದ್ದಂಗೇ ಓದಿದ್ನೋ, ನನ್ನ ತಲ್ಯಾಗೆ ಬಂದದ್ದು ಓದಿದ್ನೋ. ಈಗ ಪೇಪರ್ ಹಿಡಿದ್ರೆ ಅಕ್ಷರ ನೋಡಾಕೆ ಹೆದರಿಕಿ."

ಮಿರ್ಚಿಯನ್ನು ಕಾಗದಕ್ಕೇ ವಾಪಸ್ ಇಟ್ಟೆ. ನೀನು ಸರಿಯಾಗಿ ಓದಿದ್ದೀಯ ಅನ್ನಬೇಕಿತ್ತು. ಮೂರೇ ಶಬ್ದ. "ಬಸ್ಸು ಬಂತು" ಅಂದು ಎದ್ದೆ. ಬಸ್ಸು ಬಂದಿರಲಿಲ್ಲ.

ಸೆಪ್ಟೆಂಬರ್ 22, ಸೋಮವಾರ

ವಾಮದೇವಪ್ಪನವರ ಮುಂದೆ ನಿಂತು ತಿದ್ದುಪಡಿ ಹಾಕೋಣ ಅಂದೆ. ಒಂದು ವಾಕ್ಯ ಹೇಳಲು ಇಡೀ ಬೆಳಗು ಬೇಕಾಯಿತು.

"ಏನಂತ?"

"ತಪ್ಪು ನಂದು ಅಂತ. ಬಾತಿಯಲ್ಲಿ ಮೂವತ್ತು ಕೋಳಿ ಸತ್ತಿವೆ."

"ನಿನ್ನ ಹೆಸರು ಯಾರಿಗೆ ಗೊತ್ತೈತಿ? ತಪ್ಪು ಪೇಪರಿಂದು ಅಂತ ಆಗುತ್ತೆ. ಬಾತ್ಯಾಗಿಂದ ಮೂವತ್ತು ಕೋಳಿ ಅಲ್ಲ, ಮುನ್ನೂರು ಕೋಳಿ ಬಂದು ಬಾಗಿಲಾಗೆ ನಿಲ್ತಾವೆ." ಕನ್ನಡಕ ಒರೆಸಿಕೊಂಡರು. "ಹೊರಗೆ ಎಲ್ಲೆರ ಈ ಮಾತು ಆಡಿದ್ರೆ ಮರುದಿನ ಬರಬ್ಯಾಡ. ಮಿಡತೆ ಹರಿಹರಕ್ಕೆ ಬಂತಾ ಅಂತ ಈ ವಾರ ಒಂದು ಬರಿ."

ಬರೆಯಲಿಲ್ಲ. ಬೇರೆ ಯಾರೋ ಬರೆದರು. ಪ್ರೂಫ್ ನಾನೇ ನೋಡಿದೆ. ತಪ್ಪಿರಲಿಲ್ಲ.

ಸೆಪ್ಟೆಂಬರ್ 27, ಶನಿವಾರ

"ಜ್ವರ ಇಳೀತಾ ಎಂ.ಎ.? ಕೂಡು. ಮೊದಲು ಅದನ್ನ ಇನ್ನೊಮ್ಮೆ ಓದು."

ಓದಿದೆ. ಜಿಟ್ಟೆ, ಜಿಟ್ಟೆ, ಹೆದರಬೇಕಿಲ್ಲ. ಮೇಷ್ಟ್ರ ತುಟಿ ನನ್ನ ಜೊತೆಗೇ ಆಡುತ್ತಿತ್ತು. ಅವರಿಗೆ ಬಾಯಿಪಾಠ ಆಗಿದೆ. ಒಂದು ಕ್ಷಣ ಅನಿಸಿತು, ಇವರಿಗೆ ಗೊತ್ತಿದೆಯೇ ಅಂತ. ಇಲ್ಲ. ಗೊತ್ತಿದ್ದರೆ ಮುಂದಿನ ಮಾತು ಆಡುತ್ತಿರಲಿಲ್ಲ.

"ಹಬ್ಬ ಆದಮ್ಯಾಲೆ ಬರೋ ಭಾನುವಾರ, ಹತ್ತು ಗಂಟೆಗೆ ಬಾ. ಸಾಬ್ರಿಗೂ ಹೇಳಿ ಕಳ್ಸೀನಿ, ಆ ಬಕ್ಕೇಶಗೂ ಹೇಳಿ ಕಳ್ಸೀನಿ. ಅವನ ಎದುರಿಗೇ ಓದು. ಅವ ನನ್ನ ಮುಂದೆ ತಪ್ಪಾತು ಅನ್ನಬೇಕು." ಕವರನ್ನು ತೊಡೆಯ ಮೇಲೆ ನೇರ ಮಾಡಿದರು. "ಓದುವಾಗ ಅವನ ಮುಖ ಹೆಂಗಾಗುತ್ತೆ ಅಂತ ನೀ ನೋಡಿ ನನಗೆ ಹೇಳಬೇಕು. ನನಗೆ ಕಾಣಲ್ಲ ನೋಡು."

"ಆ ಹೋಟೆಲ್‌ನೋನ ಮ್ಯಾಲೆ ಯಾಕಪ್ಪ ಇಷ್ಟು ಹಗೆ," ಅಂದರು ಓಬವ್ವ.

"ಹಗೆ ಅವನ ಮ್ಯಾಲಲ್ಲ. ನನ್ನ ಬದುವಿನಾಗೆ ಒಂದು ಉಳಿದಿಲ್ಲ ಅಂತ ಸಾಬ್ರು ಹೇಳಿ ಕಳ್ಸ್ಯಾರೆ. ಯಾರರ ಒಬ್ಬ ಒಪ್ಪಿಕೋಬೇಕಲ್ಲಕ್ಕ."

ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುವಾಗ ಎಡ ಬಲ ತಿಳಿಯಲಿಲ್ಲ.

ಒಂದು ಉಳಿದಿದೆ, ಎಕ್ಕದ ಗಿಡದಲ್ಲಿ. ಅದನ್ನೂ ಹೇಳಲಿಲ್ಲ.

ಅಕ್ಟೋಬರ್ 1, ಬುಧವಾರ

ಆಫೀಸಿನಲ್ಲಿ ಆಯುಧ ಪೂಜೆ. ಕಂಪ್ಯೂಟರಿಗೆ ಹೂವು, ಕೀಬೋರ್ಡಿಗೆ ಕುಂಕುಮ. ಅದು ಕೀಗಳ ಸಂದಿಗೆ ಇಳಿದಿದೆ. ಎಲ್ಲರೂ ಮಂಡಕ್ಕಿ, ಬೆಲ್ಲ ತಿನ್ನುತ್ತಿದ್ದಾಗ ಫೈಲಿನಿಂದ ಸೆಪ್ಟೆಂಬರ್ ಏಳರ ಪುರವಣಿ ಒಂದು ಪ್ರತಿ ತೆಗೆದು ಬ್ಯಾಗಿಗೆ ಹಾಕಿದೆ. ವಾಮದೇವಪ್ಪನವರು ನೋಡಿದರೋ ಇಲ್ಲವೋ. ಕಡಲೆ ಅಗಿಯುತ್ತಿದ್ದರು.

ಅಕ್ಟೋಬರ್ 5, ಭಾನುವಾರ. ಬೆಳಿಗ್ಗೆ ಏಳೂವರೆ

ಅವ್ವ ಉಪ್ಪಿಟ್ಟು ಮಾಡಿದ್ದಾಳೆ. "ಭಾನುವಾರನೂ ಹುಳನಾ?" ಅಂದಳು. ಹ್ಞೂಂ ಅಂದೆ.

ನನ್ನ ನೋಟ್‌ಬುಕ್ಕಿನ ಆಗಸ್ಟ್ ಮೂವತ್ತರ ಪುಟಗಳೂ ಬ್ಯಾಗಿನಲ್ಲಿವೆ. ಮೇಷ್ಟ್ರು ಹೇಳಿದ್ದು ಅಲ್ಲಿದೆ, ನನ್ನ ಕೈಬರಹದಲ್ಲಿ. ಜಿಟ್ಟೆ ಇರುವ ಕಡೆಗಳಿಗೆಲ್ಲ ಪೆನ್ಸಿಲಿನಲ್ಲಿ ಗುರುತು ಹಾಕಿದೆ. ಇಪ್ಪತ್ತಮೂರು. ಸಿಸ್ಟಂ ಸರಿಯಾಗಿಯೇ ಎಣಿಸಿತ್ತು.

ಕನ್ನಡಿಯ ಮುಂದೆ ನಿಂತು ಓದಿ ನೋಡಿದೆ. ನಾಲಿಗೆ ತಾನಾಗಿ ಜಿಟ್ಟೆ ಅನ್ನುತ್ತದೆ. ಎರಡು ಸಲ ಸುಳ್ಳು ಓದಿ ರೂಢಿಯಾಗಿದೆ. ಮೂರನೆಯ ಸಲ ತಡೆದುಕೊಂಡೆ. ಮಿಡತೆ ಅಂತಲೇ ಬಂತು.

ಮೇಷ್ಟ್ರು ಏನು ಮಾಡುತ್ತಾರೆ? ಬೈಯುತ್ತಾರೆ. ಇಲ್ಲವೇ ಬೈಯುವುದೂ ಇಲ್ಲ. ಆ ಕವರನ್ನು ದಿಂಬಿನ ಕೆಳಗಿನಿಂದ ತೆಗೆದುಹಾಕುತ್ತಾರೆ. ಅವರ ಮುಖ ಹೇಗಾಗುತ್ತದೆ ಅಂತ ನೋಡುವ ಆಸೆ ನನ್ನೊಳಗೆ ಎಲ್ಲೋ ಇದೆ, ಆ ಎಲ್ಲ ಎಂ.ಎ.ಗಳಿಗಾಗಿ. ಇಲ್ಲ ಅನ್ನುವುದಿಲ್ಲ. ಅದಕ್ಕಾಗಿ ಹೋಗುತ್ತಿಲ್ಲ ಅಂತಷ್ಟೇ ಬರೆದುಕೊಳ್ಳುತ್ತೇನೆ. ನಾಳೆಯಿಂದ ನನಗೆ ಆಫೀಸು ಇರುವುದಿಲ್ಲ. ಅವ್ವನಿಗೆ ಸಂಜೆ ಹೇಳುತ್ತೇನೆ.

ಬಕ್ಕೇಶ ಎದುರಿಗೆ ಕೂತಿರುತ್ತಾನೆ. ಮೊದಲು ಆಫೀಸಿನ ಪ್ರತಿಯನ್ನು ಅವನ ಕೈಗೆ ಕೊಡುತ್ತೇನೆ, ನಾನು ಓದುವಾಗ ಅವನೂ ಒಂದೊಂದೇ ಅಕ್ಷರ ನೋಡಿಕೊಂಡು ಬರಲಿ. ಆಮೇಲೆ ಮೊದಲ ಸಾಲಿನಿಂದ, ದೊಡ್ಡಕೆ, ಹೇಗೆ ಅಚ್ಚಾಗಿದೆಯೋ ಹಾಗೆ. ತೆಗೆದ ಆ ವಾಕ್ಯ ಬರುವ ಜಾಗದಲ್ಲಿ ನಿಲ್ಲಿಸಿ, ಇಲ್ಲಿ ಒಂದು ಸಾಲಿತ್ತು, ಅದನ್ನು ತೆಗೆದವಳು ನಾನು ಅನ್ನುತ್ತೇನೆ.